ಸಿದ್ದಿ ಹುಡುಗಿಯ ಬಾಯಲ್ಲಿ ಕಾದಂಬರಿ ಬರೆಯುವ ಬಗ್ಗೆ

ಶಿರಸಿಯ ಅಡಿಕೆ ತೋಟದ ಮನೆಯವನು ಯಲ್ಲಾಪುರದ ಸಿದ್ದಿ ಹುಡುಗಿಯ 'ನಾನು' ಆಗಿ ಕಾದಂಬರಿ ಬರೆಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರೆಯಿರಿ. ಆದರೆ ಗುಂಗುರು ಕೂದಲು, ಡಮಾಮಿ ಕುಣಿತ, ಕಾಡು, ಇಷ್ಟರಲ್ಲೇ ಅವಳನ್ನು ಮುಗಿಸಬೇಡಿ. ಸಿದ್ದಿಗಳ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು ನಿಜ; ಅವಳ ಮನೆಮಾತು ಕೊಂಕಣಿ ಎಂಬುದೂ ಅಷ್ಟೇ ನಿಜ. ಹಳೇ ಸೀರೆಗಳ ಕೌದಿ ಹೊಲಿಯುವ ಹೆಂಗಸರು ಮೂಲೆಗೆ ಮಡಚಿದ ತ್ರಿಕೋನದ 'ಫುಲಾ' ಇಡದೆ ಕೆಲಸ ಮುಗಿಯಿತು ಅನ್ನುವುದಿಲ್ಲ. ಇಂಥದ್ದೆಲ್ಲ ಪಕ್ಕದಲ್ಲಿ ಕೂತರಷ್ಟೇ ಕಾಣುತ್ತದೆ.

ನಮ್ಮ ಕಡೆಯ ತೋಟಗಳಲ್ಲಿ ಅವರು ಕೂಲಿಗೆ ದುಡಿದವರು. ಜಗಲಿ ಯಾರಿಗೆ, ಅಂಗಳ ಯಾರಿಗೆ ಎಂಬ ಲೆಕ್ಕ ಅವಳ ಕಣ್ಣಿಗೆ ಹೇಗೆ ಕಂಡಿತು? ಅದನ್ನು ನುಂಗಿಕೊಂಡು ಬರೆದರೆ ಕಾದಂಬರಿ ಸುಳ್ಳಾಗುತ್ತದೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಓದಿದ ಯುವಜನರು ಅವರಲ್ಲಿದ್ದಾರೆ. ಹಸ್ತಪ್ರತಿ ಮೊದಲು ಅವರ ಕೈಗೆ ಕೊಡಿ, ಬೇಡವೆಂದ ಅಧ್ಯಾಯ ತೆಗೆಯಲು ಸಿದ್ಧರಿರಿ.