ಸಹಕಾರಕ್ಕೆ ಎರಡು ಕೈ ಬೇಕಲ್ಲವೇ?

ಓದುಗರ ಪತ್ರ: ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: ‘ನಮ್ಮೂರಿನಿಂದ ಹೆದ್ದಾರಿಗೆ ಸೇರುವ ರಸ್ತೆಯ ಕೆಲಸ ಎರಡು ವರ್ಷದಿಂದ ಜಲ್ಲಿ ಹಾಸಿದಲ್ಲಿಗೇ ನಿಂತಿದೆ. ಶಾಸಕರ ಕಡೆಯವರು ಪಂಚಾಯಿತಿಯತ್ತ ಬೆರಳು ತೋರಿಸುತ್ತಾರೆ, ಪಂಚಾಯಿತಿಯವರು ಶಾಸಕರತ್ತ. ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಸಹಕಾರದಿಂದ ಏಕೆ ನಡೆಯಬಾರದು? ಜಿಲ್ಲಾ ಪಂಚಾಯಿತಿಗೆ ಚುನಾವಣೆಯೇ ಇಲ್ಲದೆ ವರ್ಷಗಳು ಕಳೆದವು, ಯಾರಿಗೂ ಅದರ ಕೊರತೆ ಕಂಡಂತಿಲ್ಲ. ಎಲ್ಲವನ್ನೂ ಅಧಿಕಾರಿಗಳ ಕೈಗೇ ಕೊಟ್ಟು ಕೆಲಸ ಮಾಡಿಸುವುದು ಲೇಸಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ,

ಪತ್ರದ ದುಂಡಕ್ಷರ ನೋಡಿಯೇ ಇದು ಮೇಷ್ಟರ ಕೈಬರಹ ಎಂದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಎರಡು ಪುಟದಲ್ಲಿ ಒಂದು ಕಾಗುಣಿತ ದೋಷವೂ ಇಲ್ಲ. ಈ ಕಾಲದಲ್ಲಿ ಅಂಥ ಪತ್ರ ಬಂದರೆ ಅದನ್ನು ಎತ್ತಿಟ್ಟುಕೊಳ್ಳಬೇಕೆನಿಸುತ್ತದೆ. ಆದರೆ ‘ಯಾರಿಗೂ ಅದರ ಕೊರತೆ ಕಂಡಂತಿಲ್ಲ’ ಎಂಬ ಒಂದು ಸಾಲು ಮಾತ್ರ ನನ್ನನ್ನು ವಾರವಿಡೀ ಕಾಡಿತು. ಅದಕ್ಕೇ ಉತ್ತರ ಉದ್ದವಾಗುತ್ತಿದೆ, ಸೈರಿಸಿಕೊಳ್ಳಬೇಕು.

ತಮ್ಮ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪಂಚಾಯಿತಿಗಳಲ್ಲಿ ಲೆಕ್ಕ ತಪ್ಪುತ್ತದೆ, ಗುತ್ತಿಗೆ ನೆಂಟರಿಗೆ ಹೋಗುತ್ತದೆ, ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲೇ ಆಕೆಯ ಗಂಡನಿಗೂ ಒಂದು ಕುರ್ಚಿ ಬೀಳುತ್ತದೆ. ಹಳ್ಳಿಯನ್ನು ಸಂಕುಚಿತ ಬುದ್ಧಿಯ, ಕೋಮುಭಾವನೆಯ ಗೂಡೆಂದು ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಅಂಬೇಡ್ಕರ್ ಕಟುವಾಗಿ ಟೀಕಿಸಿದ್ದನ್ನು ಪಂಚಾಯಿತಿಯ ಪರ ಮಾತನಾಡುವವರು ಮರೆಯಬಾರದು. ಇದಿಷ್ಟನ್ನೂ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತಾವು ಸಹಕಾರ ಬೇಕೆನ್ನುತ್ತೀರಿ. ಯಾರೊಡನೆ ಯಾರ ಸಹಕಾರ?

ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದು ಕೂತರು. ಅದೇ ವರ್ಷ ಕ್ಷೇತ್ರ ಮರುವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಬಿಡಿಸಿ ಬೇರೊಂದು ಆಯೋಗಕ್ಕೆ ವಹಿಸುವ ತಿದ್ದುಪಡಿಯೂ ಬಂತು. ಅದನ್ನು ತಂದ ಪಕ್ಷ 2023ರಲ್ಲಿ ಅಧಿಕಾರ ಕಳೆದುಕೊಂಡಿತು. ವಿರೋಧ ಪಕ್ಷದ ಸಾಲಿನಲ್ಲಿ ಕೂತು ಚುನಾವಣೆ ಎಲ್ಲಿ ಎಂದು ಕೇಳುತ್ತಿದ್ದವರು ವಿಧಾನಸೌಧದಲ್ಲಿ ಮುಖ್ಯಮಂತ್ರಿ ಕಚೇರಿಯಿರುವ ಮೂರನೆಯ ಮಹಡಿ ಏರಿದ ಮೇಲೆ ಅದೇ ಪ್ರಶ್ನೆಗೆ ಅದೇ ಉತ್ತರ ಕೊಡತೊಡಗಿದರು. ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ನೇರವಾಗಿ ಹೇಳುತ್ತದೆ. ಮರುವಿಂಗಡಣೆ ಮುಗಿದಿಲ್ಲ ಎಂಬ ನೆಪಕ್ಕೆ ಚುನಾವಣೆ ಕಾಯಬೇಕಾಗಿಲ್ಲ ಎಂದು ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದ್ದೂ ಆಯಿತು. ಬೆಂಗಳೂರಿನ ಪಾಲಿಕೆಯ ಕಥೆ ಇನ್ನೂ ಹಳೆಯದು, ಅಲ್ಲಿ ಸದಸ್ಯರು ಮನೆಗೆ ಹೋದದ್ದು 2020ರ ಸೆಪ್ಟೆಂಬರಿನಲ್ಲಿ. ಒಬ್ಬನನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಹಾಕಿಕೊಂಡವನು ಆಮೇಲೆ ‘ಅವನು ಸಹಕರಿಸುತ್ತಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರೆ ತಾವು ಏನೆನ್ನುತ್ತೀರಿ?

ಕೊರತೆ ಕಾಣುವುದಿಲ್ಲ ಎಂದಿರಿ. ಇದ್ದಾಗ ಹೇಗಿತ್ತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರ ದೊಡ್ಡ ಕೆಲಸ ನೀರಿನದಲ್ಲ, 1983ರ ಪಂಚಾಯತ್ ರಾಜ್ ಕಾಯಿದೆಯದು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತಿನ (ಇಂದಿನ ಜಿಲ್ಲಾ ಪಂಚಾಯಿತಿಯ ಆಗಿನ ಹೆಸರು) ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ನೇಮಿಸುತ್ತಿದ್ದರು. ಈ ಒಂದು ಏರ್ಪಾಡಿನ ಬೆಲೆ ಸರ್ಕಾರಿ ಕಚೇರಿಯ ಮೆಟ್ಟಿಲು ಸವೆಸಿದವರಿಗೆ ಮಾತ್ರ ಗೊತ್ತಾದೀತು: ಜಿಲ್ಲೆಯ ಹಿರಿಯ ಅಧಿಕಾರಿ ಚುನಾಯಿತ ಸಭೆಯ ಕೈಕೆಳಗೆ ಕೂತು ಉತ್ತರ ಹೇಳಬೇಕಾಗಿತ್ತು.

ನಾನಾಗ ಎಳೆಯ ವರದಿಗಾರ. ಒಂದು ಪರಿಷತ್ ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತು, ಸೆರಗಿನ ಮರೆಯಿಂದ ನಲವತ್ತು ಪುಟದ ನೋಟ್‌ಬುಕ್ ತೆಗೆದು ಓದತೊಡಗಿದರು. ಅವರ ಕ್ಷೇತ್ರದ ಎರಡು ಶಾಲೆಗಳಲ್ಲಿ ಆ ತಿಂಗಳು ಯಾವ ಯಾವ ದಿನ ಮೇಷ್ಟರು ಬರಲಿಲ್ಲ ಎಂಬ ಪಟ್ಟಿ ಅದು. ‘ಹನ್ನೊಂದನೇ ತಾರೀಕು ಇಲ್ಲ. ಹನ್ನೆರಡು ಇಲ್ಲ. ಹದಿಮೂರು ಬಂದರು, ಊಟದ ಬಿಡುವಿಗೆ ಹೋದರು.’ ಶಿಕ್ಷಣ ಇಲಾಖೆಯ ಅಧಿಕಾರಿ ನೀರು ಕುಡಿದರು. ನಗುವವರು ಮೊದಲು ನಕ್ಕರು, ಮೂರನೆಯ ತಾರೀಕಿನ ಹೊತ್ತಿಗೆ ಯಾರೂ ನಗಲಿಲ್ಲ. ಮೇಷ್ಟರಾದ ತಮಗೆ ಈ ಪ್ರಸಂಗ ಅಷ್ಟಾಗಿ ರುಚಿಸಲಿಕ್ಕಿಲ್ಲ, ಕ್ಷಮಿಸಿ. ಆದರೆ ಆ ನೋಟ್‌ಬುಕ್ಕಿನ ಕೆಲಸವನ್ನು ಈಗ ಯಾವ ಆಡಳಿತಾಧಿಕಾರಿ ಮಾಡುತ್ತಿದ್ದಾರೆ? ಹಾಗೆ ಎದ್ದು ನಿಲ್ಲುವವರೇ ಇಲ್ಲವಾದಾಗ ಕೊರತೆಯನ್ನು ಹೇಳುವ ಬಾಯಿಯೂ ಇಲ್ಲವಾಗುತ್ತದೆ. ಕಾಣುತ್ತಿಲ್ಲವೆಂದು ತಾವು ಬರೆದದ್ದು ಇದನ್ನೇ ಇರಬೇಕು.

ಆ ವ್ಯವಸ್ಥೆಗೂ ಬಹಳ ಆಯುಸ್ಸು ಸಿಗಲಿಲ್ಲ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪರಿಷತ್ತುಗಳ ಅವಧಿ ಮುಗಿದ ಮೇಲೆ ಆಗಲೂ ಆಡಳಿತಾಧಿಕಾರಿಗಳೇ ಬಂದರು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಯಾಗಿ, ಅದಕ್ಕೆ ತಕ್ಕ ಹೊಸ ಕಾಯಿದೆ ಬಂದು, ಜಿಲ್ಲಾ ಪಂಚಾಯಿತಿಗೆ ಮತ್ತೆ ಚುನಾವಣೆಯಾಗುವಾಗ 1995 ಆಗಿತ್ತು. ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ರಾಜ್ಯದ ಸ್ಥಿತಿ ಇದು. ಆ ತಿದ್ದುಪಡಿ ಪಂಚಾಯಿತಿಗಳಿಗೆಂದು 29 ವಿಷಯಗಳ ಪಟ್ಟಿಯನ್ನೇನೋ ಕೊಟ್ಟಿತು. ಕೊಡುವುದು ಬಿಡುವುದು ಮಾತ್ರ ರಾಜ್ಯದ ಕೈಯಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಹೊಳೆಯುವುದಿಲ್ಲ. ಕೇರಳದಲ್ಲಿ 1996ರಲ್ಲಿ ಯೋಜನಾ ವೆಚ್ಚದ ಮೂರನೆಯ ಒಂದಕ್ಕೂ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಅಲ್ಲಿಯೂ ಸೋರಿಕೆ ಇತ್ತು, ಜಗಳವಿತ್ತು. ಆದರೆ ಜಗಳವಾಡಲು ಎರಡು ಪಕ್ಷಗಳಾದರೂ ಇದ್ದವು.

ಉಳಿದಿರುವ ಗ್ರಾಮ ಪಂಚಾಯಿತಿಯೊಡನೆ ಸರ್ಕಾರದ ಸಹಕಾರ ಹೇಗಿದೆ ನೋಡಿ. ಕೆಲವು ತಿಂಗಳ ಹಿಂದೆ ನಮ್ಮ ನೆಂಟರ ಊರಿಗೆ ಹೋಗಿದ್ದೆ. ಊರಿನ ಬೋರ್‌ವೆಲ್ ಮೋಟಾರು ಸುಟ್ಟು ಮೂರು ದಿನವಾಗಿತ್ತು. ನೀರುಗಂಟಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದು ಕೂತು ಬಂದವರಿಗೆಲ್ಲ ಅದೇ ಕಪ್ಪಾದ ತಂತಿಯನ್ನು ತೋರಿಸುತ್ತಿದ್ದ. ಅತ್ತ ಪಂಚಾಯಿತಿ ಕಚೇರಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೋಟಾರಿನ ಚಿಂತೆ ಬಿಟ್ಟು ಗ್ರಾಮಸಭೆಗೆ ಜನ ಹುಡುಕುತ್ತಿದ್ದರು, ಏಕೆಂದರೆ ಶನಿವಾರದೊಳಗೆ ವಿಶೇಷ ಗ್ರಾಮಸಭೆ ನಡೆಸಿ ಫೋಟೋ ಕಳಿಸಬೇಕೆಂಬ ಸುತ್ತೋಲೆ ಗುರುವಾರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಕೊನೆಗೆ ಪಡಿತರ ಅಂಗಡಿಯ ಮುಂದೆ ಸಾಲು ನಿಂತಿದ್ದವರನ್ನೇ ಕರೆತಂದು ಕೂರಿಸಿದರು. ಫೋಟೋದಲ್ಲಿ ಅರ್ಧದಷ್ಟು ಜನರ ತೊಡೆಯ ಮೇಲೆ ಖಾಲಿ ಚೀಲ. ಬರುವ ಹಣಕ್ಕೂ ಮೊದಲೇ ಗಂಟು ಬಿದ್ದಿರುತ್ತದೆ: 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು ದಿಲ್ಲಿ. ಆ ಗಂಟಿನ ಮೇಲೆ ಬೆಂಗಳೂರಿನ ಸುತ್ತೋಲೆಗಳು. ಇಷ್ಟರ ನಡುವೆ ಅಧ್ಯಕ್ಷರಿಗೆ ಉಳಿಯುವುದು ಆಗಸ್ಟ್ ಹದಿನೈದರ ಧ್ವಜಾರೋಹಣ.

ಅಧಿಕಾರಿಗಳ ಕೈಗೆ ಕೊಟ್ಟರೆ ಲೇಸು ಎಂಬ ತಮ್ಮ ಸಲಹೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಅಧಿಕಾರಿಯ ಮೇಲೆ ಸಿಟ್ಟು ಬಂದರೆ ತಾವು ಮತ ಹಾಕಿ ಕಳಿಸಲಾಗದು. ಹೆಚ್ಚೆಂದರೆ ವರ್ಗಾವಣೆ, ಅದೂ ಶಾಸಕರ ಶಿಫಾರಸಿಗೆ. ನಿಜವಾದ ಗುಟ್ಟು ಇಲ್ಲೇ ಇರುವುದು. ಗಟ್ಟಿಯಾದ ಜಿಲ್ಲಾ ಪಂಚಾಯಿತಿ ಸದಸ್ಯನೊಬ್ಬ ಮುಂದಿನ ಚುನಾವಣೆಯಲ್ಲಿ ಟಿಕೆಟಿಗೆ ಎದುರಾಳಿ ಎಂಬುದು ಯಾವ ಪಕ್ಷದ ಶಾಸಕರಿಗೂ ತಿಳಿಯದ ಸಂಗತಿಯಲ್ಲ. ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಉಸ್ತುವಾರಿ ಸಚಿವರೊಬ್ಬರೇ ಗದರಿಸುವ ದೃಶ್ಯ ಟೀವಿಯವರಿಗೂ ಹಿಡಿಸುತ್ತದೆ. ನಾವು ಪತ್ರಿಕೆಯವರೇನೂ ಸಾಚಾ ಅಲ್ಲ: ಸಂಪುಟ ವಿಸ್ತರಣೆಯ ಊಹಾಪೋಹಕ್ಕೆ ಮೂರು ಪುಟ ಕೊಡುವ ನಾವು, ಇಡೀ ರಾಜ್ಯದ ಎರಡು ಹಂತದ ಸಭೆಗಳು ಖಾಲಿ ಬಿದ್ದ ಸುದ್ದಿಗೆ ಒಂದು ಕಾಲಂ ಕೊಟ್ಟು ಸುಮ್ಮನಾದೆವು. ತಮಗೆ ಕೊರತೆ ಕಾಣದ್ದರಲ್ಲಿ ನಮ್ಮ ಪಾಲೂ ಇದೆ.

ಇನ್ನು ತಮ್ಮ ರಸ್ತೆ. ಅದು ಗ್ರಾಮ ಪಂಚಾಯಿತಿಯದೋ, ಜಿಲ್ಲಾ ಪಂಚಾಯಿತಿಯದೋ, ಲೋಕೋಪಯೋಗಿ ಇಲಾಖೆಯದೋ ಎಂಬುದನ್ನು ತಾವು ಬರೆದಿಲ್ಲ. ಊರಿನಲ್ಲಿ ಯಾರೂ ಕೇಳಿದಂತೆಯೂ ಇಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಮುಂದಿನ ಸಭೆಗೆ ಹೋಗಿ, ಆ ರಸ್ತೆ ಯಾರ ವಹಿಯಲ್ಲಿದೆ, ಎಷ್ಟು ಹಣ ಬಂತು, ಯಾವ ತಾರೀಕಿಗೆ ಕೆಲಸ ನಿಂತಿತು ಎಂದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಜೊತೆಗೆ ಒಂದು ನೋಟ್‌ಬುಕ್ ಒಯ್ಯಿರಿ, ತಮ್ಮ ಅಕ್ಷರ ಚೆನ್ನಾಗಿದೆ. ಅವರು ಕೊಟ್ಟ ಉತ್ತರವನ್ನು ನಮಗೆ ಕಳಿಸಿದರೆ ಒಂದಕ್ಷರವೂ ಬಿಡದೆ ಅಚ್ಚು ಹಾಕುತ್ತೇನೆ.

– ಸಂ.