ಬಲ್ಬಿನ ಜೋಕಿಗೆ ಚಕ್ ನಾರಿಸ್ ಬಂದದ್ದು ಹೀಗೆ

ಬಲ್ಬ್ ಬದಲಿಸುವ ಹಳೆಯ ಜೋಕಿನೊಳಗೆ ಹಾಲಿವುಡ್ಡಿನ ಹೊಡೆದಾಟದ ನಟ ಚಕ್ ನಾರಿಸ್ ಹೇಗೆ ನುಸುಳಿದರು ಎಂದು ಕೇಳಿದ್ದೀರಿ. ಮೂಲ ಜೋಕು ‘ಒಂದು ಬಲ್ಬ್ ಬದಲಿಸಲು ಎಷ್ಟು ಜನ ಬೇಕು?’ ಎಂದು ಕೇಳಿ ದಡ್ಡರನ್ನು ಎಣಿಸುತ್ತಿತ್ತು: ಒಬ್ಬ ಬಲ್ಬ್ ಹಿಡಿದು ನಿಲ್ಲುತ್ತಾನೆ, ಉಳಿದವರು ಅವನು ನಿಂತ ಏಣಿಯನ್ನೇ ತಿರುಗಿಸುತ್ತಾರೆ. 2005ರಲ್ಲಿ ಅಮೆರಿಕದ ಅಂತರ್ಜಾಲದಲ್ಲಿ ಮೊದಲು ಇನ್ನೊಬ್ಬ ಹಾಲಿವುಡ್ ನಟ ವಿನ್ ಡೀಸೆಲ್, ಆಮೇಲೆ ನಾರಿಸ್ ಹೆಸರಿನಲ್ಲಿ ಗಟ್ಟಿಗನ ಉತ್ಪ್ರೇಕ್ಷೆಗಳು ಹಬ್ಬಿದವು. ಬಲ್ಬಿನ ಪ್ರಶ್ನೆ ಹಾಗೆಯೇ ಉಳಿದು ಉತ್ತರ ಬದಲಾಯಿತು: ಯಾರೂ ಬೇಡ, ನಾರಿಸ್ ಕಣ್ಣು ಕೆಂಪಗೆ ಮಾಡಿದರೆ ಕತ್ತಲೆಯೇ ಓಡಿಹೋಗುತ್ತದೆ. ನಗು ಹುಟ್ಟುವುದು ಇಲ್ಲಿಯೇ. ಗಟ್ಟಿಗ ಕೆಲಸ ಮಾಡುವುದಿಲ್ಲ, ಕೆಲಸವೇ ಅವನಿಗೆ ಹೆದರುತ್ತದೆ. ದಂಡ ಹೊಡೆಯುವಾಗಲೂ ಅವನು ಮೇಲೇಳುವುದಿಲ್ಲ, ಭೂಮಿಯನ್ನು ಕೆಳಗೆ ತಳ್ಳುತ್ತಾನೆ! ಇದೇ ಅಚ್ಚಿನಲ್ಲಿ ನಮ್ಮಲ್ಲಿ ರಜನೀಕಾಂತ್ ಜೋಕುಗಳು ಬಂದವು. ಅವುಗಳಲ್ಲಿ ನನಗೆ ತುಂಬಾ ಇಷ್ಟ, ಹೊಡೆದಾಟವೇ ಇಲ್ಲದವು: ಅವರು ಈರುಳ್ಳಿ ಹೆಚ್ಚಿದರೆ ಈರುಳ್ಳಿಯೇ ಅಳುತ್ತದೆ. ಬರೀ ಒದೆ, ಗುದ್ದು ಇದ್ದರೆ ಎರಡನೆಯ ಜೋಕಿಗೇ ಸಪ್ಪೆಯಾಗುತ್ತದೆ.