ಬೆಳೆಯದ ಹಾವರ್ಥಿಯಾಕ್ಕೆ ದಿನವೂ ಒಂದು ಚಮಚ ನೀರು ಬೇಕೇ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ನರ್ಸರಿಯಿಂದ ಬಿಳಿ ಪಟ್ಟೆಗಳಿರುವ, ‘ಜೀಬ್ರಾ’ ಎಂದು ಕರೆಯುವ ಪುಟ್ಟ ಹಾವರ್ಥಿಯಾ ಗಿಡವನ್ನು ತಂದು, ಪಿಂಗಾಣಿ ಕುಂಡದಲ್ಲಿ ನೆಟ್ಟು, ಫ್ಲಾಟಿನ ಹಾಲ್‌ನಲ್ಲಿ ಟಿ.ವಿ. ಪಕ್ಕ ಇಟ್ಟಿದ್ದೇನೆ. ತಂದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ನೀರು ಹೆಚ್ಚಾದರೆ ಕೊಳೆಯುತ್ತದೆಂದು ದಿನಕ್ಕೆ ಒಂದೇ ಚಮಚ ನೀರು ಹಾಕುತ್ತೇನೆ. ಬೆಳೆಯಲೆಂದು ಆಗಾಗ ಚಹಾ ಚರಟವನ್ನೂ ಹಾಕಿದ್ದೇನೆ. ಈಗ ಬುಡದ ಎಲೆಗಳು ಕಂದು ಬಣ್ಣಕ್ಕೆ ತಿರುಗುತ್ತಿವೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಗಿಡ ಬೆಳೆಯುತ್ತಿಲ್ಲ ಎಂಬ ಮೊದಲನೆಯದನ್ನು ನಾನು ದೂರೆಂದು ಪರಿಗಣಿಸುವುದಿಲ್ಲ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಒಣನೆಲದಲ್ಲಿ ಪೊದೆಗಳ ಅರೆನೆರಳಿನಡಿ ಬದುಕುವ ಈ ಗಿಡ ನಮ್ಮ ಲೋಳೆಸರದ ಹತ್ತಿರದ ಸಂಬಂಧಿ. ಹಗಲಿನ ಬಿಸಿಗೆ ನೀರು ಆವಿಯಾಗದಂತೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ಅವುಗಳನ್ನು ತೆರೆದು, ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕಾದ ಮೇಲೆ ಅದರಿಂದ ಆಹಾರ ತಯಾರಿಸಿಕೊಳ್ಳುತ್ತದೆ. ಈ ಏರ್ಪಾಡಿನಲ್ಲಿ ನೀರು ಉಳಿಯುತ್ತದೆ, ಆದರೆ ದಿನದ ಗಳಿಕೆ ಕಡಿಮೆ. ಆದ್ದರಿಂದ ವರ್ಷವಿಡೀ ಬೆರಳೆಣಿಕೆಯ ಎಲೆಗಳು ಬಂದರೆ ಅದು ಆರೋಗ್ಯವಂತ ಗಿಡವೇ. ಪೂರ್ತಿ ಬೆಳೆದರೂ ಇದು ಗೇಣುದ್ದ ದಾಟುವುದು ಅಪರೂಪ.

ಎರಡನೆಯ ದೂರು ಗಂಭೀರವಾದದ್ದು. ಕಂದಾದ ಎಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ. ಈರುಳ್ಳಿ ಸಿಪ್ಪೆಯಂತೆ ಒಣಗಿ ಗರಿಗರಿಯಾಗಿದ್ದರೆ ಅದು ವಯಸ್ಸಾದ ಎಲೆ; ನಿಧಾನವಾಗಿ ಕಿತ್ತು ಹಾಕಿದರಾಯಿತು. ನೀರು ತುಂಬಿದಂತೆ ಅರೆಪಾರದರ್ಶಕವಾಗಿ, ಒತ್ತಿದರೆ ಮೆತ್ತಗೆ ಜಾರಿ ಬುಡಸಮೇತ ಕೈಗೆ ಬಂದರೆ ಮಾತ್ರ ಅದು ಕೊಳೆ. ನೀವು ಬರೆದಿರುವ ಆರೈಕೆಯನ್ನು ನೋಡಿದರೆ ಕೊಳೆಯೇ ಇರಬಹುದೆಂದು ನನ್ನ ಅನುಮಾನ. ಚಮಚದ ಲೆಕ್ಕ ಮಿತವಾದದ್ದೆಂದು ತೋರುತ್ತದೆ, ನಿಜ. ಆದರೆ ದಿನವೂ ಬೀಳುವ ಆ ಚಮಚ ಮೇಲ್ಮಣ್ಣನ್ನು ಎಂದೂ ಒಣಗಲು ಬಿಡದೆ ಎಲೆಗಳ ಬುಡವನ್ನು ಒದ್ದೆಯಾಗಿಟ್ಟಿರುತ್ತದೆ, ಕೆಳಗಿನ ಬೇರುಗಳಿಗೋ ಸರಿಯಾಗಿ ಸಿಗುವುದೇ ಇಲ್ಲ. ಕುಂಡಕ್ಕೆ ತೂತಿಲ್ಲದಿದ್ದರೆ ಇಳಿದಷ್ಟು ನೀರು ತಳದಲ್ಲೇ ನಿಲ್ಲುತ್ತದೆ. ಚಹಾ ಚರಟ ತೇವವನ್ನು ಹಿಡಿದಿಟ್ಟು ಬೂಷ್ಟು ಕಟ್ಟಿಸುತ್ತದೆ. ಗುಲಾಬಿಗೆ ಅದನ್ನು ಹಾಕುವವರೊಡನೆ ನನಗೆ ಜಗಳವಿಲ್ಲ, ಹಾವರ್ಥಿಯಾಕ್ಕೆ ಬೇಡ.

ಗಿಡವನ್ನು ಕುಂಡದಿಂದ ತೆಗೆದು ಬೇರಿನ ಮಣ್ಣನ್ನು ಉದುರಿಸಿ. ನರ್ಸರಿಯ ಗಿಡಗಳ ಬೇರಿನ ನಡುವೆ ಬಿಗಿಯಾದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಉಳಿದಿರುವುದುಂಟು, ಅದನ್ನೂ ಬಿಡಿಸಿ. ಬಿಳಿಯ ಗಟ್ಟಿ ಬೇರುಗಳನ್ನು ಉಳಿಸಿ, ಕಪ್ಪಾಗಿ ಮೆತ್ತಗಾದವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ಹಾವರ್ಥಿಯಾ ತನ್ನ ಹಳೆಯ ಬೇರುಗಳನ್ನು ತಾನಾಗಿಯೇ ಬಿಟ್ಟು ಹೊಸದನ್ನು ಬೆಳೆಸಿಕೊಳ್ಳುವುದರಿಂದ, ಒಣಗಿ ಟೊಳ್ಳಾದ ಕೆಲವು ಬೇರುಗಳನ್ನು ಕಂಡು ಗಾಬರಿಯಾಗಬೇಡಿ. ಎಲೆಗಳ ಸಂದಿಯಲ್ಲಿ ಅಥವಾ ಬೇರಿನಲ್ಲಿ ಹತ್ತಿಯಂಥ ಬಿಳಿ ಚುಕ್ಕೆಗಳಿದ್ದರೆ ಅವು ಹಿಟ್ಟು ತಿಗಣೆಗಳು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಅನಂತರ ಗಿಡವನ್ನು ಮೂರು-ನಾಲ್ಕು ದಿನ ನೆರಳಿನಲ್ಲಿ ಬರಿದಾಗಿ ಇಟ್ಟು ಗಾಯ ಒಣಗಲು ಬಿಡಬೇಕು. ಹೆಚ್ಚಿನವರು ಈ ಹಂತದಲ್ಲೇ ತಾಳ್ಮೆಗೆಟ್ಟು ಆತುರದಿಂದ ನೆಟ್ಟುಬಿಡುತ್ತಾರೆ.

ತಳದಲ್ಲಿ ತೂತಿರುವ, ಮೂರು-ನಾಲ್ಕು ಇಂಚು ಅಗಲದ ಸಾದಾ ಮಣ್ಣಿನ ಕುಂಡ ಸಾಕು. ಅರ್ಧಕ್ಕಿಂತ ಹೆಚ್ಚು ಭಾಗ ಪರ್ಲೈಟ್, ಪ್ಯೂಮಿಸ್‌ನಂಥ ನೀರು ಬಸಿಯುವ ಹಗುರ ಕಲ್ಲಿನ ಚೂರು ಅಥವಾ ದೂಳು ಜರಡಿ ಹಿಡಿದ ಇಟ್ಟಿಗೆ ಚೂರು ಇರಲಿ, ಉಳಿದದ್ದು ಮಣ್ಣು ಮತ್ತು ಸ್ವಲ್ಪ ಎಲೆಗೊಬ್ಬರ. ಒಣ ಮಿಶ್ರಣದಲ್ಲೇ ನೆಟ್ಟು ಒಂದು ವಾರದ ನಂತರ ಮೊದಲ ನೀರು ಕೊಡಿ. ಆಮೇಲೆ ಚಮಚವನ್ನು ಅಡುಗೆಮನೆಗೆ ಹಿಂದಿರುಗಿಸಿ: ಕೊಟ್ಟಾಗ ತಳದಿಂದ ಸೋರಿ ಹೋಗುವಷ್ಟು ಕೊಡಬೇಕು, ಪೂರ್ತಿ ಒಣಗುವವರೆಗೆ ಮತ್ತೆ ಕೊಡಬಾರದು. ತೆಂಗಿನ ಗರಿಯ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆದಾಗ ಅದು ತಂಪಾಗಿದ್ದರೆ ಅಥವಾ ಮಣ್ಣು ಅಂಟಿದ್ದರೆ ಇನ್ನೂ ಕಾಯಬೇಕು. ಏಪ್ರಿಲ್–ಮೇ ಸೆಕೆಯಲ್ಲಿ ಈ ಗಿಡ ಬೆಳವಣಿಗೆಯನ್ನು ತಗ್ಗಿಸುತ್ತದೆ, ಮಳೆಗಾಲದಲ್ಲಿ ಮಣ್ಣು ಬೇಗ ಆರುವುದಿಲ್ಲ. ಎರಡೂ ಕಾಲದಲ್ಲಿ ನೀರಿನ ಅಂತರ ಹೆಚ್ಚಬೇಕು. ಕರಾವಳಿಯ ಓದುಗರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಟಿ.ವಿ. ಪಕ್ಕದ ಮೂಲೆ ನಮ್ಮ ಕಣ್ಣಿಗೆ ಬೆಳಕಾಗಿ ಕಂಡರೂ ಗಿಡಕ್ಕೆ ಸಾಲದು. ಪೂರ್ವದ ಕಿಟಕಿಯ ಹತ್ತಿರ ಬೆಳಗಿನ ಎಳೆಬಿಸಿಲು ಬೀಳುವಲ್ಲಿ ಇಡಿ, ಆದರೆ ಸ್ಥಳವನ್ನು ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಬದಲಿಸಿ. ಎಲೆಗಳು ಕೆಂಪಾದರೆ ಬಿಸಿಲು ಹೆಚ್ಚಾಗಿದೆ. ಉದ್ದವಾಗಿ ಸಡಿಲಗೊಂಡರೆ ಕಡಿಮೆಯಾಗಿದೆ. ಗೊಬ್ಬರವನ್ನು ಈ ವರ್ಷ ಮರೆತುಬಿಡಿ.

ಬುಡದಲ್ಲಿ ಮರಿಗಳಿದ್ದು ಅವಕ್ಕೆ ಸ್ವಂತ ಬೇರು ಬಂದಿದ್ದರೆ, ಈಗಲೇ ಒಂದನ್ನು ಬೇರ್ಪಡಿಸಿ ಇನ್ನೊಂದು ಪುಟ್ಟ ಕುಂಡದಲ್ಲಿ ನೆಡಿ. ಕೊಳೆ ಕಾಂಡದ ನಡುವಿಗೆ ತಲುಪಿದ್ದು ತಾಯಿ ಗಿಡ ಉಳಿಯದೆ ಹೋದರೂ ಆ ಮರಿ ನಿಮ್ಮ ಬಳಿ ಇರುತ್ತದೆ.